ಮಾಸ್ತರರ ಚೌಕ, ತಂಡದ ಅಡ್ಡಗೆರೆ

ಅವರ ಬಲಗೈಯ ಹೆಬ್ಬೆರಳು ಸದಾ ಕಪ್ಪಗಿರುತ್ತಿತ್ತು. ಮಾರ್ಕರ್ ಪೆನ್ನಿನಲ್ಲಿ ಬರೆದದ್ದು ತಪ್ಪಾದರೆ ಮಸಿ ಆರುವ ಮೊದಲೇ ಹೆಬ್ಬೆರಳಿನಿಂದ ಒರೆಸಿಬಿಡುವುದು ಅವರ ರೂಢಿ. ಒರೆಸಿ ಒರೆಸಿ ಉಗುರಿನ ಸಂದಿಯಲ್ಲಿ ಕಪ್ಪು ಕಾಯಂ ಆಗಿ ಕೂತಿತ್ತು, ಯಾವ ಸಾಬೂನಿಗೂ ಜಗ್ಗದ ಹಾಗೆ. ಆಸ್ಪತ್ರೆಯ ಹಿಂಬದಿಯ ಬಾಗಿಲಿನಿಂದ ಅವರನ್ನು ಹೊರಗೆ ತಂದಾಗ ಬಿಳಿ ಬಟ್ಟೆಯ ಅಂಚಿನಾಚೆ ಕಂಡದ್ದು ಆ ಕೈಯೊಂದೇ. ನನ್ನ ಬೆನ್ನ ಹಿಂದೆ ನಿಂತಿದ್ದ ಯಾರೋ ಪಕ್ಕದವರಿಗೆ, "ಇವತ್ತೂ ತೊಗೊಂಡಿರಬೇಕು ಬಿಡ್ರಿ" ಅಂದರು.

ವಿಜಯಪುರದಲ್ಲಿ ಅವರ ಬಗ್ಗೆ ಈಗ ಓಡಾಡುವ ಕಥೆ ಇದೇ. ಕೀಬೋರ್ಡ್ ಮಾಸ್ತರು ದೊಡ್ಡ ಕಲಾವಿದ, ಆದರೆ ಕೊನೆಕೊನೆಗೆ ಕುಡಿತಕ್ಕೆ ಬಿದ್ದರು. ಬಬಲೇಶ್ವರದ ಕಾರ್ಯಕ್ರಮದಲ್ಲಿ ಕುಡಿದು ಕೂತು, ಸತ್ತವರ ನೆನಪಿನ ಹಾಡಿಗೆ ಮದುವೆಯ ಬಾಜಾ ನುಡಿಸಿದರು. ಆಮೇಲೆ ಇಟ್ಟಂಗಿಹಾಳದ ರಸ್ತೆಯಲ್ಲಿ ಕುಡಿದು ನಡೆಯುತ್ತ ಟೆಂಪೋ ಕೆಳಗೆ ಸಿಕ್ಕರು. ಕೇಳಿದವರೆಲ್ಲ ತಲೆ ಅಲ್ಲಾಡಿಸುತ್ತಾರೆ. ಪುರಾವೆ ಏನು ಎಂದು ಒಬ್ಬರೂ ಕೇಳುವುದಿಲ್ಲ.

ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು. ಎದುರಾಳಿಯ ವಾದದಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಕಾಣುವ ಮಾತನ್ನೇ ಮೊದಲು ಅಲುಗಾಡಿಸಿ ನೋಡಬೇಕೆಂದು ಅಲ್ಲಿ ಕಲಿತಿದ್ದೇನೆ. ಇಲ್ಲಿ ಗಟ್ಟಿಯಾಗಿ ಕಾಣುವುದು 'ಕುಡಿದಿದ್ದರು' ಎಂಬ ಮಾತು. ಅದು ಸುಳ್ಳು. ಆದರೆ ಆ ಸುಳ್ಳನ್ನು ತಮ್ಮ ಬಾಯಿಂದಲೇ ಒಪ್ಪಿಕೊಂಡವರು ಮಾಸ್ತರು. ನನ್ನ ವಾದದ ಕಷ್ಟ ಇರುವುದು ಅಲ್ಲಿಯೇ.

ಗೋಳಗುಮ್ಮಟದ ಹತ್ತಿರದ ಓಣಿಯೊಂದರಲ್ಲಿ, ಜೆರಾಕ್ಸ್ ಅಂಗಡಿಯ ಮೇಲೆ ಅವರ ಮನೆ, ಅದರ ಮುಂಗೋಣೆಯೇ ಕ್ಲಾಸು. ತಿಕೋಟಾದ ಭಜನೆಗಳಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ಹಿಡಿದು ಬೆಳೆದವರು. ಆಮೇಲೆ ಕೀಬೋರ್ಡಿಗೆ ಬಂದು ಒಂದು ಆರ್ಕೆಸ್ಟ್ರಾ ತಂಡ ಸೇರಿದರು. ಮದುವೆ, ಗಣಪತಿ, ಪುಣ್ಯಸ್ಮರಣೆ, ಎಲ್ಲಿ ಕರೆದರೂ ತಂಡ ಹೋಗುತ್ತಿತ್ತು. ಅದರ ಹಾಡುಗಳಿಗೆಲ್ಲ ಕಾರ್ಡ್ ಬರೆದುಕೊಡುವವರು ಇವರೇ. ಕಾರ್ಡ್ ಎಂದರೆ ಮೂರು ಸ್ವರಗಳನ್ನು ಒಟ್ಟಿಗೆ ಒತ್ತುವುದು. ಮೇಜರ್ ಕಾರ್ಡ್ ಬಿಸಿಲು ಬಿದ್ದ ಹಾಗೆ ಕೇಳುತ್ತದೆ. ನಡುವಿನ ಬೆರಳನ್ನು ಪಕ್ಕದ ಕೀಗೆ ಇಳಿಸಿದರೆ ಅದೇ ಮೈನರ್ ಆಗಿ ಮೋಡ ಕವಿಯುತ್ತದೆ. ಯಾವುದನ್ನು ಒತ್ತಬೇಕೆಂದು ಹಾಡಿನ ಸಾಲಿನ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಗುರುತು ಹಾಕುತ್ತಾರೆ. ಮಾಸ್ತರು ಮೇಜರ್‌ಗೆ ಬರೀ ಅಕ್ಷರ ಬರೆಯುತ್ತಿದ್ದರು. ಮೈನರ್ ಆದರೆ ಅಕ್ಷರದ ಸುತ್ತ ದಪ್ಪ ಚೌಕ. ಅಕ್ಷರದ ಮುಂದೆ ಅಡ್ಡಗೆರೆ ಇದ್ದರೆ, ಅದೇ ಕಾರ್ಡನ್ನು ಬಿಡದೆ ಇನ್ನೊಂದು ಮಾತ್ರೆ, ಅಂದರೆ ತಾಳದ ಇನ್ನೊಂದು ಎಣಿಕೆಯಷ್ಟು ಹೊತ್ತು, ಹಿಡಿದಿರು ಎಂದು. ಆ ಗೆರೆ ಅವರು ಪೇಟಿ ಕಲಿತ ಕಾಲದ ಸ್ವರಲಿಪಿಯಿಂದ ಬಂದದ್ದು.

ಮೊದಲ ದಿನವೇ ನಾನು ಜಗಳ ತೆಗೆದೆ. ನನ್ನ ಕೈಯಲ್ಲಿ ಪರೀಕ್ಷೆಯ ಪುಸ್ತಕವಿತ್ತು.

"ಸರ, ಇದು ತಪ್ಪೈತ್ರಿ. ಮೈನರ್‌ಗೆ ಅಕ್ಷರದ ಬಾಜೂ ಸಣ್ಣ ಎಂ ಬರೀಬೇಕು. ಎಲ್ಲಾರೂ ಹಂಗ ಬರೀತಾರ."

"ಎಲ್ಲಾರೂ ಅಂದ್ರ ಯಾರ್‍ಯಾರು, ವಕೀಲಬಾಯಿ?" ಅಂದರು. ಆ ಕ್ಷಣದಿಂದ ನನ್ನ ಹೆಸರು ಅದೇ ಆಯಿತು.

ಕಪಾಟಿನಿಂದ ಒಂದು ರಾಶಿ ಕಾಗದ ಇಳಿಸಿ ನನ್ನ ಮುಂದೆ ಹರಡಿದರು. ಚರ್ಚಿನ ಹಾಡಿನ ಪುಸ್ತಕದಲ್ಲಿ ಮೇಜರ್‌ಗೆ ದೊಡ್ಡಕ್ಷರ, ಮೈನರ್‌ಗೆ ಸಣ್ಣಕ್ಷರ. ಮುಂಬೈಯ ಸ್ಟುಡಿಯೋದಿಂದ ಬಂದ ಹಾಳೆಯಲ್ಲಿ ಎಂ ಪಕ್ಕ ಇನ್ನೊಂದು ಐ. ಗಿಟಾರ್ ಪುಸ್ತಕದಲ್ಲಿ ಬರೀ ಎಂ. ನಾಲ್ಕು ಸ್ವರದ ಕಾರ್ಡುಗಳಿಗೆ ಬಂದರೆ ಇನ್ನೂ ಗೊಂದಲ.

"ಇಲ್ಲಿ ನೋಡು, ಒಬ್ಬಾಂವ ಮೇಜರ್ ಸೆವೆನ್‌ಕ ತ್ರಿಕೋನ ತಗದಾನ. ಇನ್ನೊಬ್ಬಾಂವ ದೊಡ್ಡ ಎಂ ಬರದಾನ. ಮೈನರ್‌ಗೂ ಎಂ, ಮೇಜರ್‌ಗೂ ಎಂ! ಅದು ದೊಡ್ಡದೋ ಸಣ್ಣದೋ ಅಂತ ನೋಡೂದ್ರಾಗ ಹಾಡಾ ಮುಗದಿರತೈತಿ, ಮಂದಿ ಊಟಕ್ಕ ಎದ್ದಿರತಾರ." ಬಾಗಿಲ ಕಡೆ ಕೈ ಮಾಡಿದರು. "ಅಲ್ಲಿ ಹೋಗಿ ನಿಂತು ಓದು."

ಬಾಗಿಲಿನಿಂದ ನನ್ನ ಪುಸ್ತಕದ ಸಣ್ಣ ಎಂ ಕಾಣಲಿಲ್ಲ. ಅವರ ಚೌಕ ಕಂಡಿತು.

"ಅಳೂದು ಮನಿ ಒಳಗ, ನಗೂದು ಬೈಲಾಗ. ತಿಳೀತಿಲ್ಲೊ?" ಎಂದು ನಕ್ಕರು.

ಸೋತೆನೆಂದು ಒಪ್ಪುವ ಜಾಯಮಾನ ನನ್ನದಲ್ಲ. "ಹಂಗಾರ ನಿಮ್ಮ ಚೌಕಾ ನಿಮ್ಮ ತಂಡಕ್ಕಷ್ಟ ತಿಳೀತೈತಿ. ನಾಳೆ ಬ್ಯಾರೆದವರು ಬಂದು ಬರದ್ರ?"

"ಬ್ಯಾರೆದವರು ಯಾಕ ಬರೀತಾರ? ನಾ ಇರೂತನಕ ಬರಿಯಾಂವ ನಾನ."

ಅದು ಉತ್ತರವಲ್ಲ, ಗರ್ವ. ಅದನ್ನೂ ಹೇಳಿದೆ. ಅವರು ಹೆಬ್ಬೆರಳು ತೋರಿಸಿ, "ಗರ್ವಕ್ಕೂ ಮಸಿ ಹತ್ತೈತಿ ನೋಡು" ಅಂದರು.

ಅವರ ಪಾಠದ ರೀತಿ ಬೇರೆ. ಉಳಿದ ಮಾಸ್ತರರು ವಿದ್ಯಾರ್ಥಿಯ ಪಕ್ಕ ಕೂರುತ್ತಾರೆ. ಇವರು ಎದುರು, ನಡುವೆ ಕೀಬೋರ್ಡ್. ತಲೆಕೆಳಗಾಗಿ ಕಾಣುವ ಕೀಗಳ ಮೇಲೆ ನನ್ನ ಬೆರಳು ತಪ್ಪಿದರೆ ಅವರ ಕೈ ಬಂದು ಸರಿಸುತ್ತಿತ್ತು. "ನಾ ಬೆರಳ ನೋಡ್ತೀನಿ. ಬೆರಳು ಸುಳ್ಳ ಹೇಳೂದಿಲ್ಲ" ಎನ್ನುತ್ತಿದ್ದರು. ಒಂದು ಸಲ ಸ್ವರದ ಎತ್ತರ ಬದಲಿಸುವ ಗುಂಡಿ ನನ್ನ ಕೈ ತಾಗಿ ಒತ್ತಿಹೋಗಿ ಇಡೀ ಹಾಡು ಬೇರೆಯೇ ಶ್ರುತಿಯಲ್ಲಿ ಬಂತು. ನಾನು ನಾಲಗೆ ಕಚ್ಚಿಕೊಂಡೆ. ಅವರು "ಭೇಷ್" ಅಂದರು. ದೊಡ್ಡ ಮನಸ್ಸು ಎಂದುಕೊಂಡೆ.

ವರ್ಷಕ್ಕೊಮ್ಮೆ ಕ್ಲಾಸಿನ ಮಕ್ಕಳನ್ನೆಲ್ಲ ಗುಮ್ಮಟಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಮೇಲೆ ಹತ್ತಿ ಕೂಗಿ, ಮರುದನಿ ಎಷ್ಟು ಸಲ ಬಂತೆಂದು ಮಕ್ಕಳು ಕಿತ್ತಾಡುತ್ತಿದ್ದವು. ಅವರು ಮಾತ್ರ ಒಮ್ಮೆಯೂ ಹತ್ತಲಿಲ್ಲ. "ನೀವ್ ಹೋಗಿ ಚೀರಿ ಬರ್ರಿ. ನಾ ಚಪ್ಪಲಿ ಕಾಯ್ತೀನಿ." ಮೊಣಕಾಲು ನೋವಿರಬೇಕೆಂದು ನಮ್ಮ ಊಹೆ.

ಬಬಲೇಶ್ವರಕ್ಕೆ ನಾನು ಹೋಗಿರಲಿಲ್ಲ. ಆದರೆ ಊರಿಗೂರೇ ನೋಡಿದ ವಿಡಿಯೋ ನನ್ನ ಫೋನಿಗೂ ಬಂತು, ಹಲ್ಲು ಕಿಸಿಯುವ ಹಳದಿ ಮುಖಗಳ ಸಮೇತ. ಚಿಕ್ಕ ವಯಸ್ಸಿಗೇ ತೀರಿಕೊಂಡ ಶಾಲಾ ಶಿಕ್ಷಕಿಯೊಬ್ಬರ ವರ್ಷದ ಪುಣ್ಯಸ್ಮರಣೆ. ಮುಂದಿನ ಸಾಲಿನಲ್ಲಿ ಅವರ ತಾಯಿ. ತಂಡದ ಮುಖ್ಯ ಗಾಯಕರು ಅವತ್ತಿಗೆಂದೇ ಹೊಸ ಹಾಡೊಂದನ್ನು ಕಟ್ಟಿದ್ದರು. ಅದರ ಕಾರ್ಡ್ ಬರೆದವನು ಸೋಲಾಪುರದಿಂದ ಹೊಸದಾಗಿ ಬಂದ ಗಿಟಾರಿನ ಹುಡುಗ. ಕಾಗದವಿಲ್ಲ, ಎಲ್ಲರ ಮುಂದೂ ಒಂದೊಂದು ಟ್ಯಾಬ್. ಅಭ್ಯಾಸ ನಡೆದದ್ದು ಗಾಯಕ ಮತ್ತು ಗಿಟಾರಿನವನ ನಡುವೆ ಮಾತ್ರ. ಮಾಸ್ತರರಿಗೆ, ನೋಡಿ ನುಡಿಸಿದರಾಯಿತು ಎಂದಿದ್ದರು.

ಹಾಡು ಶುರುವಾಗುತ್ತದೆ. ಗಿಟಾರು ಅಳುತ್ತದೆ, ಅದರ ಮೇಲೆ ಕೀಬೋರ್ಡ್ ನಗುತ್ತದೆ. ಎರಡೂ ಸೇರಿ ಹಲ್ಲಿಗೆ ಮರಳು ಸಿಕ್ಕ ಹಾಗೆ. ಹಿಂದಿನ ಸಾಲಿನಲ್ಲಿ ಹುಡುಗರು ನಗುತ್ತಾರೆ. ತಾಯಿ ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಾರೆ. ತೀರಿಕೊಂಡವರ ಅಣ್ಣ ಎದ್ದು ಮೈಕಿನವನ ಹತ್ತಿರ ಹೋಗಿ ಏನೋ ಹೇಳುತ್ತಾನೆ. ಮೈಕಿನವನು ಕೀಬೋರ್ಡಿನ ವೈರು ಕೀಳುತ್ತಾನೆ. ಕೀಬೋರ್ಡಿನ ದನಿ ನಿಂತುಹೋಗುತ್ತದೆ.

ಮಾಸ್ತರು ನಿಲ್ಲುವುದಿಲ್ಲ. ಟ್ಯಾಬ್ ನೋಡುತ್ತ, ತಾಳಕ್ಕೆ ಪಾದ ಅಲ್ಲಾಡಿಸುತ್ತ, ದನಿಯೇ ಇಲ್ಲದ ಕೀಬೋರ್ಡನ್ನು ಹಾಡು ಮುಗಿಯುವವರೆಗೆ ನುಡಿಸುತ್ತಾರೆ. ಕೊನೆಯ ಕಾರ್ಡಿನ ಮೇಲೆ ಕೈ ಎತ್ತಿ ಗಾಯಕನ ಕಡೆ ನೋಡಿ ಸಣ್ಣಗೆ ನಗುತ್ತಾರೆ, ಚೆನ್ನಾಗಿ ಆಯಿತಲ್ಲ ಎನ್ನುವ ಹಾಗೆ.

ಊರು ನಕ್ಕದ್ದು ಆ ನಗೆಗೆ. ನಾನು ವಿಡಿಯೋ ಹಿಂದಕ್ಕೆ ಎಳೆದು ಮತ್ತೆ ಮೊದಲಿನಿಂದ ನೋಡಿದ್ದೂ ಆ ನಗೆಯಿಂದಲೇ.

ತಂಡದ ಡೋಲಕ್‌ನವನನ್ನು ಕಾಡಿ ಆ ಹಾಡಿನ ಹಾಳೆಯನ್ನು ಫೋನಿಗೆ ತರಿಸಿಕೊಂಡೆ. ಗಿಟಾರಿನ ಹುಡುಗ ಮೈನರ್‌ಗೆ ಎಂ ಬರೆದಿರಲಿಲ್ಲ. ಅಕ್ಷರದ ಮುಂದೆ ಒಂದು ಸಣ್ಣ ಅಡ್ಡಗೆರೆ ಎಳೆದಿದ್ದ. ಹಾಗೆ ಬರೆಯುವವರೂ ಇದ್ದಾರೆ, ಅದು ಅವನ ತಪ್ಪಲ್ಲ. ಆದರೆ ಮಾಸ್ತರರ ಕಾಗದದ ರಾಶಿಯಲ್ಲಿ ಆ ಪದ್ಧತಿ ಇರಲಿಲ್ಲ. ಪೇಟಿಯಲ್ಲಿ ಬೆಳೆದ ಕಣ್ಣು ಗೆರೆಯನ್ನು 'ಹಿಡಿದಿರು' ಎಂದೇ ಓದಿತು. ವಿಡಿಯೋ ಪಕ್ಕಕ್ಕೆ ಹಾಳೆ ಇಟ್ಟುಕೊಂಡು ಸಾಲು ಸಾಲಾಗಿ ನೋಡಿದೆ. ಗೆರೆ ಇದ್ದ ಕಡೆಯಲ್ಲೆಲ್ಲ ತಪ್ಪು. ಗೆರೆ ಇಲ್ಲದ ಕಡೆ ಒಂದೂ ತಪ್ಪಿಲ್ಲ. ಕುಡಿದವನ ಕೈ ಹೀಗೆ ಶಿಸ್ತಾಗಿ ತಪ್ಪುತ್ತದೆಯೇ? ಓದುವುದರಲ್ಲಿ ತಪ್ಪಿದವರು, ಅದನ್ನು ಕೇಳಿಸಿಕೊಂಡಿದ್ದರೆ ಮೊದಲ ಸಾಲಿನಲ್ಲೇ ತಿದ್ದಿಕೊಳ್ಳುತ್ತಿದ್ದರು.

ಮರುದಿನ ಅವರ ಮನೆಗೆ ಹೋದೆ. ಕೀಬೋರ್ಡಿನ ಮೇಲೆ ಹಳೇ ದುಪ್ಪಟಿ ಹೊದಿಸಿತ್ತು. ಅವರ ಹೆಂಡತಿ, ನಾನು ಕಾಕೂ ಎನ್ನುವವರು, ನೆಲದ ಮೇಲೆ ಕೂತು ಶೇಂಗಾ ಹಸನ ಮಾಡುತ್ತಿದ್ದರು.

"ಏನ್ ವಕೀಲಬಾಯಿ, ಕೇಸ್ ತೊಗೊಂಡ ಬಂದಿಯೇನು?" ಅಂದರು ಮಾಸ್ತರು.

ಎದುರಿಗೆ ಕೂತೆ. "ಸರ, ಅವತ್ತ ನೀವು ಕುಡದಿರಲಿಲ್ಲ."

"ಕುಡದಿದ್ದೆ. ತಂಡದವರಿಗೂ ಹೇಳೀನಿ, ತಪ್ಪಾತು ಅಂತ."

"ಏನ್ ಕುಡದಿದ್ರಿ?"

ಅವರು ಯೋಚಿಸಿದರು. "ಅದ... ಎಲ್ಲಾರೂ ಕುಡೀತಾರಲ್ಲ, ಅದು."

"ಹೆಸರಾ ಗೊತ್ತಿಲ್ಲ ನೋಡ ಬೇ!" ಕಾಕೂ ಮೊರ ಕೆಳಗಿಟ್ಟರು. "ಲಗ್ನಾಗಿ ಬಂದಾಗಿಂದ ಈ ಹೊಸ್ತಲಾ ದಾಟಿ ಒಂದ್ ಬಾಟ್ಲಿ ಒಳಗ ಬಂದಿಲ್ಲ. ಈಗ ಕಿರಾಣಿ ಅಂಗಡ್ಯಾಗ ನಿಂತ್ರ ಹೆಂಗಸೂರು ನನಗ ಬುದ್ಧಿ ಹೇಳತಾರ, ಯಾವ ಗುಳಿಗಿ ಹಾಕಿದ್ರ ಕುಡಿಯೂದು ಬಿಡ್ತಾರಂತ!"

ನಾನು ಗೆರೆಯ ವಿಷಯ ಹೇಳಿದೆ, ಹಾಳೆ ತೋರಿಸಿದೆ. ಅವರು ಬಹಳ ಹೊತ್ತು ಅದನ್ನು ನೋಡಿ, "ಹಂಗೂ ಬರೀತಾರ?" ಅಂದರು. ಅಷ್ಟೇ.

"ಸರ, ನಿಮಗ ಕೇಳಸೂದಿಲ್ಲ."

ಕೆಳಗೆ ಜೆರಾಕ್ಸ್ ಯಂತ್ರ ಗರಗರ ಎನ್ನುತ್ತಿತ್ತು. ಮಾಸ್ತರು ನನ್ನ ತುಟಿಯನ್ನೇ ನೋಡುತ್ತಿದ್ದರು. ಇಷ್ಟು ವರ್ಷವೂ ಅವರು ನೋಡುತ್ತಿದ್ದದ್ದು ನನ್ನ ಮುಖವನ್ನಲ್ಲ, ತುಟಿಯನ್ನು.

"ಎಡಕಿವಿ ಹೋಗಿ ಬಾಳ ದಿನಾ ಆತು," ಅಂದರು. "ಬಲಕ್ಕ ಒಂದೀಟ ಐತಿ. ಹಿಂಗ ಮುಂದ ಕುಂತ್ರ ಹೊಂದಸ್ಕೋತೀನಿ. ಸ್ಟೇಜಿನ ಮ್ಯಾಲ ಬರೇ ಗುಂಯ್ ಅಂತೈತಿ. ಸ್ಪೀಕರ್ ಬಾಜೂ ಕುಂತು ಕುಂತು ತಿಂದ್ ಹಾಕೇತದು."

"ಮತ್ತ ಹೆಂಗ ನುಡಸ್ತಿದ್ರಿ?"

"ಕಾಗದ ಇರತಿತ್ತಲ್ಲ. ನಾ ಬರದದ್ದು ನನಗ ಕೇಳಸತೈತಿ."

"ಆ ಹಾಡಿಗೆ ಸಂಶಯನೂ ಬರಲಿಲ್ಲೇನ್ರಿ?"

"ಬಂತು. ಸತ್ತವರ ಹಾಡು, ಒಂದರ ಮೈನರ್ ಇಲ್ಲಲ್ಲ ಅನಸ್ತು. ಕೇಳಬೇಕಾಗಿತ್ತು. ಕೇಳಬೇಕಂದ್ರ ಉತ್ತರ ಕೇಳಸಬೇಕಲ್ಲ."

ಇದನ್ನು ಎಲ್ಲರಿಗೂ ಹೇಳೋಣ ಎಂದೆ. ವಿಡಿಯೋ ಇದೆ, ಹಾಳೆ ಇದೆ, ಗೆಲ್ಲುವ ವಾದ. ಅವರು ತಲೆಯಾಡಿಸಿದರು.

"ಕುಡದಾಂವಗ ಮಂದಿ ಬೈತಾರ, ಮತ್ತ ಕರೀತಾರ. ನಾಳಿ ಇಳೀತೈತಿ ಅಂತಾರ. ಕಿವಿ ಇಳೀತೈತೇನು? ಕಿವುಡ ಮಾಸ್ತರನ ಹಂತ್ಯಾಕ ಸಂಗೀತ ಕಲೀರಿ ಅಂತ ಯಾವ ತಾಯಿ ಮಕ್ಕಳನ್ನ ಕಳಸ್ತಾಳ?"

"ಕುಡುಕನ ಹೇಣ್ತಿ ಅಂತ ಅನಿಸ್ಕೊಳ್ಳಾಕಿ ನಾನು!" ಕಾಕೂ ದನಿ ಏರಿಸಿದರು. "ನನ್ನ ಕೇಳಿದ್ರೇನು?"

ಅವರು ಕಾಕೂನ ಕಡೆ ನೋಡುತ್ತಿರಲಿಲ್ಲ. ಆದ್ದರಿಂದ ಆ ಮಾತು ಅವರಿಗೆ ಮುಟ್ಟಲಿಲ್ಲ. ಬೇಕೆಂದೇ ನೋಡಲಿಲ್ಲವೇ ಎಂಬ ಅನುಮಾನ ನನಗೆ ಈಗಲೂ ಇದೆ.

"ಇದನ್ನ ಎಲ್ಲೂ ವಾದಕ್ಕ ಹಚ್ಚಬ್ಯಾಡ, ಯವ್ವಾ," ಅಂದರು. ವಕೀಲಬಾಯಿ ಎನ್ನಲಿಲ್ಲ. ನಾನು ಸರಿ ಅಂದೆ. ನಿಮ್ಮ ಲೆಕ್ಕ ತಪ್ಪು ಎಂದೂ ಹೇಳಿದೆ.

ಲೆಕ್ಕ ತಪ್ಪೇ ಆಗಿತ್ತು. ಕುಡುಕ ಗಂಡಸಿನ ಕ್ಲಾಸಿಗೆ ಹೆಣ್ಣುಮಕ್ಕಳನ್ನು ಕಳಿಸುವವರು ಯಾರು? ಮೊದಲು ಹುಡುಗಿಯರು ಬರುವುದು ನಿಲ್ಲಿಸಿದರು, ಆಮೇಲೆ ಗಂಡುಹುಡುಗರು. ತಂಡ ಅವರನ್ನು ತೆಗೆದುಹಾಕಲಿಲ್ಲ, ಕರೆಯಲೂ ಇಲ್ಲ. ಅವರ ಜಾಗದಲ್ಲಿ ಸೋಲಾಪುರದಿಂದ ಇನ್ನೊಬ್ಬ ಬಂದು ಕೂತ. ಮಾಸ್ತರು ಹಳೆಯ ಹಾಳೆಗಳನ್ನು ಮತ್ತೆ ಮತ್ತೆ ಪ್ರತಿ ಮಾಡುತ್ತಿದ್ದರು, ಯಾರೂ ಕೇಳದಿದ್ದರೂ. ನಾನು ಹೋದಾಗಲೆಲ್ಲ ಚೌಕಗಳು ಇನ್ನಷ್ಟು ದಪ್ಪವಾಗಿರುತ್ತಿದ್ದವು. ಕೊನೆಗೆ ಉಳಿದದ್ದು ಇಟ್ಟಂಗಿಹಾಳದ ಕಡೆಯ ಒಂದು ಮನೆಪಾಠ. ಬಸ್ಸಿಳಿದು ರಸ್ತೆಯ ಅಂಚಿನಲ್ಲಿ ನಡೆದು ಹೋಗುತ್ತಿದ್ದರು. ಹಾಡುಹಗಲು ಅವರಿಗೆ ಟೆಂಪೋ ಬಡಿಯಿತು. "ಹಾರ್ನ್ ಮ್ಯಾಲ ಹಾರ್ನ್ ಹೊಡದೇನ್ರಿ, ಬಾಜೂಕ ಸರೀಲೇ ಇಲ್ಲ" ಎಂದು ಚಾಲಕ ಕಂಡಕಂಡವರಿಗೆಲ್ಲ ಹೇಳುತ್ತಿದ್ದ. ಅವನ ಮಾತನ್ನು ನಾನು ನಂಬುತ್ತೇನೆ.

ಊರಿಗೆ ಕಥೆ ರೆಡಿ ಇತ್ತು. ಹೊಸದಾಗಿ ಏನನ್ನೂ ಕಟ್ಟಬೇಕಾಗಲಿಲ್ಲ.

ಈಗಲೂ ಯಾವುದೇ ಚರ್ಚೆಗೆ ನಿಲ್ಲುವ ಮೊದಲು, ಇದು ಯಾರ ಕಣ್ಣಿಗೆ ಬರೆದದ್ದು, ಅದನ್ನು ಓದುವವರು ಎಲ್ಲಿ ನಿಂತಿದ್ದಾರೆ ಎಂದು ಕೇಳಿಕೊಳ್ಳುತ್ತೇನೆ. ಅದು ಅವರು ನನ್ನನ್ನು ಬಾಗಿಲಿಗೆ ನಿಲ್ಲಿಸಿ ಕೊಟ್ಟ ಪಾಠ. ಅಷ್ಟನ್ನು ಕೊಟ್ಟವರಿಗೆ ನಾನು ಕೊಟ್ಟ ಮಾತನ್ನು ಈಗ ಮುರಿಯುತ್ತಿದ್ದೇನೆ. ಮಾಸ್ತರರ ತಿಥಿ-ದಿನಕರ್ಮ ಮುಗಿದ ಮೇಲೆ ಕಾಕೂ ನನ್ನ ಕೈ ಹಿಡಿದು, "ಅವರು ಹ್ವಾದ್ರು. ಅವರ ಮಾತು ಅವರ ಜೋಡಿ ಹೋತು. ಈ ಓಣ್ಯಾಗ ಇರಾಕಿ ನಾನು. ಕುಡದಿರಲಿಲ್ಲ ಅಂತ ಒಬ್ಬರ ಬಾಯಿಂದರ ಹೇಳಸ ಬೇ" ಅಂದರು. ಬದುಕಿರುವವರ ಬೇಡಿಕೆ ದೊಡ್ಡದು ಎಂದು ನಾನು ತೀರ್ಮಾನಿಸಿದೆ. ತಪ್ಪಿದ್ದರೆ ವಾದಿಸಿ.

ಒಬ್ಬರ ಬಾಯಿ ಎಂದರೆ ಗಾಯಕರದೇ. ತಂಡದಿಂದ ಮಾಸ್ತರರಿಗೆ ಶ್ರದ್ಧಾಂಜಲಿ ಕಾರ್ಯಕ್ರಮ ಇಟ್ಟುಕೊಂಡಿದ್ದರು, ಅಲ್ಲಿ ಮಾತಾಡುವವರು ಆ ಗಾಯಕರೇ. ತಿಕೋಟಾದಲ್ಲಿ ಅವರದು ಮೈಕ್ ಸೆಟ್ ಬಾಡಿಗೆ ಕೊಡುವ ಅಂಗಡಿ. ಹೋದಾಗ ಸ್ಪೀಕರುಗಳ ಧೂಳು ಒರೆಸುತ್ತಿದ್ದರು. ಕೆಟ್ಟ ಮನುಷ್ಯ ಅಲ್ಲ. ಮಾಸ್ತರರ ಹೆಸರೆತ್ತಿದ ಕೂಡಲೇ ಕಣ್ಣು ತುಂಬಿಕೊಂಡರು.

"ಕುಡದ್ರೂ ಕಲಾವಿದ ದೊಡ್ಡಾಂವ ಅಂತನ ಹೇಳ್ತೀನಿ ತಂಗಿ. ಹೆಸರು ಕೆಡಸೂದಿಲ್ಲ."

"ಅಣ್ಣಾರ, ಅವರು ಕುಡೀತಿರಲಿಲ್ಲ." ವಿಡಿಯೋ, ಹಾಳೆ, ಗೆರೆ, ಕಿವಿ, ಎಲ್ಲವನ್ನೂ ಹೇಳಿದೆ.

ಅವರು ಒರೆಸುವ ಬಟ್ಟೆಯನ್ನು ಮಡಚಿದರು, ಬಿಚ್ಚಿದರು. "ಇಲ್ಲ ತಂಗಿ. ನೀ ಅವತ್ತ ಅಲ್ಲಿರಲಿಲ್ಲ. ನಾ ಕಣ್ಣಾರೆ ನೋಡೀನಿ. ಹಾಡು ಶುರು ಆಗೂಕಿಂತ ಮೊದಲ ಅವರ ಹಿಂದ ನಿಂತು ಕೇಳಿದೆ, ಮಾಸ್ತರ, ಈ ಹೊಸಾ ಬರವಣಿಗ್ಯಾಗ ನಡೀತೈತೇನ್ರಿ ಅಂತ. ಹೊಳ್ಳಿ ನೋಡ್ಲಿಲ್ಲ. ಮತ್ತೊಂದ್ ಸಲ ಕೇಳಿದೆ. ಹೊಳ್ಳಿ ನೋಡ್ಲಿಲ್ಲ. ಕುಡಿಲಾರದಾಂವ ಹಂಗ ಕುಂಡ್ರತಾನೇನು?"

"ಎಷ್ಟೋ ವರ್ಷ ಅವರ ಬಾಜೂ ನಿಂತು ಹಾಡೀರಿ. ಒಮ್ಮೆರ ವಾಸನಿ ಬಂದಿತ್ತೇನ್ರಿ?"

"ಇಲ್ಲ."

"ಅವತ್ತ?"

"ಇಲ್ಲ."

"ಹೊಸಾ ಬರವಣಿಗಿ ಅವರಿಗೆ ತಿಳೀಲಿಕ್ಕಿಲ್ಲಂತ ನಿಮಗೂ ಅನುಮಾನ ಇತ್ತು. ಅದಕ್ಕ ಕೇಳೀರಿ."

ಅವರು ಮತ್ತೆ ಸ್ಪೀಕರ್ ಒರೆಸತೊಡಗಿದರು.

"ಹಂಗಾರ ಅಣ್ಣಾರ, ಹಿಂದ ನಿಂತು ಎರಡ್ ಸಲ ಕೇಳಿದವರು, ಒಂದ್ ಸಲ ಮುಂದ ಬಂದು ಯಾಕ ಕೇಳಲಿಲ್ಲ?"